ಹಸಿರು ಕಣ್ಣಿನ ರೇಡಿಯೋ, ಮಾವನ ಬಾಜಾ

ಸಿಟ್ಟು ಮಾಡಿಕೊಳ್ಳುವುದನ್ನು ಮನುಷ್ಯನಿಗೆ ಯಾರೂ ಕಲಿಸಬೇಕಾಗಿಲ್ಲ, ಹುಟ್ಟಿದ ಕೂಸಿಗೂ ಅದು ಬರುತ್ತದೆ. ಆದರೆ ಹಿರಿಯರು ಹೇಳಿಕೊಟ್ಟಂತೆ, ಹೊತ್ತು ನೋಡಿ, ತುಂಬಿದ ಎಲೆಯ ಮುಂದೆ ಕೈಕಟ್ಟಿ ಕೂತು ಸಿಟ್ಟು ಮಾಡಿಕೊಳ್ಳುವುದಿದೆಯಲ್ಲ, ಅದು ನಮ್ಮ ಕಡೆಯ ಮದುಮಕ್ಕಳ ವಿದ್ಯೆ. ಮದುವೆಯ ಭೂಮದ ಊಟಕ್ಕೆ ಕೂತ ಮದುಮಗ ತುತ್ತು ಎತ್ತಬಾರದು. ಮಾವನಾದವನು ಬಂದು "ಯಾಕ್ರಿ ಅಳಿಯಂದ್ರ, ಉಣವಲ್ರಿ?" ಎಂದು ಕೇಳಬೇಕು. ಇವನು ಮುಖ ತಿರುಗಿಸಬೇಕು. ಕಡೆಗೆ ಉಂಗುರವೋ ಕೈಗಡಿಯಾರವೋ ಒಪ್ಪಿಕೊಂಡ ಮೇಲೆ ನಕ್ಕು ಹೋಳಿಗೆ ಮುರಿಯಬೇಕು. ಆಟದಂಥ ಪದ್ಧತಿ. ನಾನೂ ಹಾಗೆ ಅರ್ಧ ತಾಸು ಸಿಟ್ಟಾಗಿದ್ದೆ. ಅದರ ನಾಚಿಕೆ ಇಪ್ಪತ್ತು ವರ್ಷ ನನ್ನ ಬೆನ್ನು ಬಿಡಲಿಲ್ಲ. ಈಗ ಹೇಳಿಕೊಂಡರೆ ಹಗುರಾದೀತೇನೋ ಎಂದು ಹೇಳುತ್ತಿದ್ದೇನೆ.

ನನ್ನ ಮನೆ ಬಸವಕಲ್ಯಾಣದಲ್ಲಿ, ನೌಕರಿ ಹುಮನಾಬಾದಿನ ಅಂಚೆ ಕಚೇರಿಯಲ್ಲಿ. ದಿನಾ ಬಸ್ಸಿನಲ್ಲಿ ಓಡಾಡುವ ಗುಮಾಸ್ತ. ಆ ಕಾಲದಲ್ಲಿ ರೇಡಿಯೋ ಇಟ್ಟುಕೊಂಡವರು ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಬಂದು ಲೈಸೆನ್ಸು ಮಾಡಿಸಬೇಕಾಗಿತ್ತು. ಅವರ ಪುಸ್ತಕಕ್ಕೆ ಠಸ್ಸೆ ಒತ್ತುವವನು ನಾನು. ಹೀಗಾಗಿ ಊರಿನಲ್ಲಿ ಯಾರ ಮನೆಯಲ್ಲಿ ಯಾವ ರೇಡಿಯೋ ಇದೆ ಎಂಬುದೆಲ್ಲ ನನಗೆ ಬಾಯಿಪಾಠ. ಅಡತಿ ಅಂಗಡಿಯವರು, ವಕೀಲರು, ಡಾಕ್ಟರರು ಪುಸ್ತಕವನ್ನು ಕಿಟಕಿಯೊಳಗೆ ತಳ್ಳಿ, "ಲಗೂ ಮಾಡ್ರಿ, ಬಾತ್ಮಿ ಹೇಳೋ ಟೈಮ್ ಆತು" ಎನ್ನುತ್ತಿದ್ದರು. ಪರರ ಮನೆಯ ಮದುವೆಗೆ ವಾಲಗ ಊದಿದಂತೆ ನಾನು ಠಸ್ಸೆ ಒತ್ತುತ್ತಿದ್ದೆ. ನನ್ನ ಮನೆಯಲ್ಲಿ ಮಾತಾಡುವ ಸಾಮಾನೆಂದರೆ ನನ್ನ ತಾಯಿ ಒಬ್ಬಳೇ.

ನಮ್ಮ ಕಡೆ ನಿಜಾಮನ ಆಡಳಿತ ಹೋಗಿ, ನಾವು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ರಾಜೇಶ್ವರದ ಸಂಗಪ್ಪನವರ ಮಗಳು ಮಾದೇವಿಯನ್ನು ನನಗೆ ಗೊತ್ತುಮಾಡಿದರು. ಕನ್ಯೆ ನೋಡಿ ಬಂದವರು ಹಿರಿಯರು. ನಾನು ರಾಜೇಶ್ವರದ ನೀರು ಕುಡಿದದ್ದೇ ಮದುವೆಯ ದಿನ. ಹಂದರದ ಮೂಲೆಯಲ್ಲಿ ಚಾವಿ ತಿರುಗಿಸಿ ಹಚ್ಚುವ ಗ್ರಾಮೋಫೋನೊಂದು ನಾಟಕದ ಪದ ಹಾಡುತ್ತಿತ್ತು. ಹಳ್ಳಿಯ ಮಂದಿ ಅದಕ್ಕೆ ಬಾಜಾ ಎನ್ನುತ್ತಿದ್ದರು. ಯಾರದ್ದು, ಏನು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ನನ್ನ ಬುದ್ಧಿಯೆಲ್ಲ ಹುಮನಾಬಾದಿನ ಅಂಗಡಿಯೊಂದರ ಕಪಾಟಿನಲ್ಲಿ ಕೂತಿತ್ತು. ಅಲ್ಲಿ ಒಂದು ದೊಡ್ಡ ಕರೆಂಟಿನ ರೇಡಿಯೋ ಇತ್ತು. ಸ್ಟೇಷನ್ ಸರಿಯಾಗಿ ಹಿಡಿದರೆ ಅದರ ಹಣೆಯ ಮೇಲೆ ಒಂದು ಹಸಿರು ಕಣ್ಣು ತೆರೆಯುತ್ತಿತ್ತು.

ಎಲೆಯ ಮುಂದೆ ಕೂತೆ, ಕೈಕಟ್ಟಿದೆ. ಮಾವ ಬಂದು ಪದ್ಧತಿಯಂತೆ ಕೇಳಿದರು. ಬೆಳ್ಳಿ ಉಂಗುರ ತೋರಿಸಿದರು, ನಾನು ಮುಖ ತಿರುಗಿಸಿದೆ. ಸೈಕಲ್ಲು ಅಂದರು. ಮತ್ತೂ ತಿರುಗಿಸಿದೆ. ನಮ್ಮ ಸೋದರಮಾವ ನನ್ನ ಕಿವಿಯಲ್ಲಿ, "ಸೈಕಲ್ ಛಲೋ ಅದಲೇ, ಒಪ್ಕೊ" ಎಂದ. "ರೇಡಿಯೋ ಬೇಕು. ಹಸಿರು ಕಣ್ಣಿಂದು" ಎಂದೆ. ಮದುಮಗ ತುತ್ತು ಎತ್ತದೆ ಸಾಲಿನಲ್ಲಿ ಯಾರೂ ಎತ್ತುವಂತಿಲ್ಲ. ಎರಡು ನೂರು ಮಂದಿ ಹೋಳಿಗೆಯ ಮೇಲೆ ಕೈಯಿಟ್ಟು ನನ್ನ ಮುಖ ನೋಡುತ್ತ ಕೂತರು. ಯಾರೋ ಹೋಗಿ ಬಾಜಾ ನಿಲ್ಲಿಸಿದರು. ತುಪ್ಪ ಹೆಪ್ಪುಗಟ್ಟಿತು. ಒಬ್ಬ ಮುದುಕಪ್ಪ, "ಯಪ್ಪಾ, ನಿನ್ನ ರೇಡಿಯೋ ಬರೂದ್ರಾಗ ನಾ ಹೋಗಿರ್ತೀನಿ, ಉಣ್ಣೋ" ಎಂದು ಗೋಗರೆದ. ಮಾವ ಮಾತ್ರ ಬಾಜಾ ಇದ್ದ ಮೂಲೆಯನ್ನು ಒಂದು ಸಲ ನೋಡಿ, "ಆತ್ರಿ. ಉಣ್ರಿ" ಎಂದರು. ನಾನು ಐದು ಹೋಳಿಗೆ ಉಂಡೆ.

ತಿಂಗಳೊಪ್ಪತ್ತಿನಲ್ಲಿ ಮಾವ ತಾವೇ ಬಂದರು. ಹುಮನಾಬಾದಿನಿಂದ ಬಸವಕಲ್ಯಾಣದ ತನಕ ಬಸ್ಸಿನಲ್ಲಿ ರೇಡಿಯೋವನ್ನು ಕೌದಿಯಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು. ಕಟ್ಟೆಯ ಮೇಲೆ ಇಳಿಸಿ, ಮೈ ಒರೆಸಿಕೊಂಡು, "ಹಚ್ರಿ, ಕೇಳೋಣು" ಎಂದರು. ಇಲ್ಲಿ ನಾನೊಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಓಣಿಗೆ ಕರೆಂಟು ಬಂದಿರಲಿಲ್ಲ. ಬ್ಯಾಟರಿಯಿಂದ ಹಾಡುವ ರೇಡಿಯೋ ಕೂಡ ಅದೇ ಅಂಗಡಿಯಲ್ಲಿತ್ತು, ಆದರೆ ಅದಕ್ಕೆ ಹಸಿರು ಕಣ್ಣಿರಲಿಲ್ಲ. "ಕಂಬ ಬಂದು ಬಿದ್ದಾವ್ರಿ, ದೀಪಾವಳಿಗೆ ಕರೆಂಟ್ ಬರ್ತದ" ಎಂದೆ. ಮಾವ ಓಣಿಯಲ್ಲಿ ಅಡ್ಡಬಿದ್ದ ಕಂಬಗಳನ್ನು ನೋಡಿದರು. ಅವುಗಳ ಮೇಲೆ ಹೆಂಗಸರು ಹಪ್ಪಳ ಒಣಹಾಕಿದ್ದರು. ನೀರು ಕುಡಿದು ಹೋದರು.

ಆ ಕಂಬಗಳು ಏಳೆಂಟು ದೀಪಾವಳಿ ಮಲಗಿಯೇ ಕಳೆದವು. ರೇಡಿಯೋ ಗೋಡೆಯ ಗೂಡಿನಲ್ಲಿ ಕೂತಿತು. ಮಾದೇವಿ ಅದಕ್ಕೆ ಕ್ರೋಶಾದ ಹೊದಿಕೆ ಹೆಣೆದಳು. ನನ್ನ ತಾಯಿ ಸೋಮವಾರಕ್ಕೊಮ್ಮೆ ವಿಭೂತಿ ಹಚ್ಚುತ್ತಿದ್ದಳು. ನಾನು ವರ್ಷವರ್ಷ ತಪ್ಪದೆ ಅದರ ಲೈಸೆನ್ಸು ಮಾಡಿಸಿದೆ; ನನ್ನ ಪುಸ್ತಕಕ್ಕೆ ನಾನೇ ಠಸ್ಸೆ ಒತ್ತಿಕೊಂಡೆ. ಬಾಯಿಬಿಡದ ರೇಡಿಯೋಕ್ಕೆ ಲೈಸೆನ್ಸು ಮಾಡಿಸಿದವನು ಇಡೀ ಜಿಲ್ಲೆಗೆ ನಾನೊಬ್ಬನೇ ಇದ್ದೆನೇನೋ. ನೋಡಲು ಬಂದ ನೆಂಟರು, "ಯಾವಾಗ ಹಾಡ್ತದ್ರಿ?" ಎಂದರೆ, "ಈಗ ಹಾಡೋ ಟೈಮ್ ಅಲ್ರಿ" ಎಂದು ಹೇಳಿ ಕಳಿಸುತ್ತಿದ್ದೆ.

ಮನೆಯಲ್ಲಿ ಹಾಡುತ್ತಿದ್ದವಳು ಮಾದೇವಿ. ರೊಟ್ಟಿ ಬಡಿಯುವಾಗ ಅವಳಿಗೆ ಅರಿವಿಲ್ಲದೆ ಹಾಡು ಬರುತ್ತಿತ್ತು. ಹೆಂಗಸರ ಬೀಸುವ ಪದವಲ್ಲ, ಗಂಡಸರ ನಾಟಕದ ಪದ. ಒಂದು ಪದದಲ್ಲಿ ಒಂದು ಕಡೆ ಬಂದಳೆಂದರೆ "ಎಲ್ಲಿ ಹೋದಿ, ಎಲ್ಲಿ ಹೋದಿ, ಎಲ್ಲಿ ಹೋದಿ" ಎಂದು ಮೂರು ಸಲ ಅಂದು, ಆಮೇಲೆ ಧಡಕ್ಕನೆ ಮುಂದೆ ಓಡುತ್ತಿದ್ದಳು. ದಿನಾ ಅಲ್ಲೇ, ದಿನಾ ಮೂರು ಸಲ. "ನಿನ್ನ ಹಾಡಿಗೆ ಬಿಕ್ಕ ಹತ್ಯಾವ ನೋಡು" ಎಂದು ನಾನು ಕಾಡಿಸುತ್ತಿದ್ದೆ. "ಅದು ಇರೋದೇ ಹಂಗ" ಎನ್ನುತ್ತಿದ್ದಳು ಅವಳು.

ಸಂಜೆ ಬಸ್ಸಿಗೆ ಇನ್ನೂ ಹೊತ್ತಿದ್ದಾಗ ನಾನು ಹುಮನಾಬಾದಿನ ಬಸ್ ಸ್ಟ್ಯಾಂಡಿನ ಎದುರಿಗೆ ಚಾಂದಸಾಬನ ಹೋಟೆಲಿನಲ್ಲಿ ಕೂಡುತ್ತಿದ್ದೆ. ಅವನ ಚಹಾ ಕಾಲು ತೊಳೆಯಲಿಕ್ಕೂ ನಾಲಾಯಕ್ಕು. ಆದರೆ ಅವನ ಹತ್ತಿರ ಹಸಿರು ಬಣ್ಣ ಬಳಿದ ಒಂದು ಬಾಜಾ ಇತ್ತು, ಹಾಡಿನ ಪ್ಲೇಟುಗಳ ರಾಶಿಯಿತ್ತು. ಮನೆಯಲ್ಲಿ ದೊಡ್ಡ ರೇಡಿಯೋ ಇಟ್ಟುಕೊಂಡು ನಾನು ಅಲ್ಲಿ ಚಹಾದ ನೆಪದಲ್ಲಿ ಹಾಡು ಕೇಳುತ್ತಿದ್ದೆ. ಒಂದು ದಿನ ಚಾಂದಸಾಬ ನಾನು ಕೇಳದ ಪ್ಲೇಟೊಂದನ್ನು ಹಚ್ಚಿದ. "ಎಲ್ಲಿ ಹೋದಿ, ಎಲ್ಲಿ ಹೋದಿ, ಎಲ್ಲಿ ಹೋದಿ" ಎಂದು ಬಾಜಾ ಅಲ್ಲೇ ಸಿಕ್ಕಿಕೊಂಡಿತು. ಅವನು ಬೆರಳಿನಿಂದ ಟಕ್ಕನೆ ಹೊಡೆದ, ಹಾಡು ಮುಂದೆ ಓಡಿತು.

ನಾನು ಚಹಾದ ಬಶಿ ಕೆಳಗಿಟ್ಟೆ. "ಈ ಬಾಜಾ ಎಲ್ಲಿಂದು?" ಎಂದೆ. "ರಾಜೇಶ್ವರದ ಸಂಗಪ್ಪ ಗೌಡರದ್ದು ಸಾಬ್. ಶೌಕೀನ್ ಆದಮಿ. ಮಗಳ ಶಾದಿಗೆ ಅಳಿಯ ಜಿದ್ದು ಹಿಡದನಂತ. ಯಾಂವೋ ಹುಚ್ಚ, ಕರೆಂಟ್ ಇಲ್ದ ಓಣ್ಯಾಗ ಕರೆಂಟಿನ ರೇಡಿಯೋ ಕೇಳ್ಯಾನ. ಇಂಥಾವ್ರಿಗೂ ಹೆಣ್ಣು ಕೊಡ್ತಾರ ನೋಡ್ರಿ!" ಎಂದ. "ಕೊಡ್ತಾರಪ್ಪ" ಎಂದು ಉಳಿದ ಚಹಾ ಕುಡಿದು ಎದ್ದೆ.

ಮನೆಗೆ ಬಂದು, "ನಿಮ್ಮಪ್ಪ ಬಾಜಾ ಮಾರಿದ್ದು ಯಾಕ ಹೇಳಲಿಲ್ಲ?" ಎಂದು ಮಾದೇವಿಯ ಮೇಲೆ ರೇಗಿದೆ. ತಪ್ಪು ಮಾಡಿದವನಿಗೆ ರೇಗುವುದೊಂದೇ ದಾರಿ. ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, "ನೀವು ಕೇಳಿದ್ದು ನಮ್ಮಪ್ಪಗ, ನನಗಲ್ಲ. ನನಗ ಕೇಳಿದ್ರ ಸೈಕಲ್ ತಗೋರಿ ಅಂತಿದ್ದೆ" ಎಂದಳು. ಆಮೇಲೆ ಮೆಲ್ಲಗೆ, ಸಂಜೆ ಅಪ್ಪ ಕಟ್ಟೆಯ ಮೇಲೆ ಬಾಜಾ ಹಚ್ಚಿದರೆ ಅರ್ಧ ಊರು ಬಂದು ಕೂಡುತ್ತಿತ್ತು, ಈಗ ಬಾಜಾ ಇಡುತ್ತಿದ್ದ ಗೂಡಿನಲ್ಲಿ ಅವ್ವ ಉಪ್ಪಿನಕಾಯಿ ಭರಣಿ ಇಟ್ಟಿದ್ದಾಳೆ ಎಂದು ಹೇಳಿದಳು. ನನಗೆ ಆ ದಿನ ಊಟ ಸೇರಲಿಲ್ಲ.

ಮುಂದಿನ ಸಂತೆಯ ದಿನ ಚಾಂದಸಾಬನ ಹೋಟೆಲಿನ ಬಾಗಿಲಿಗೆ ಹೋದೆ. ಒಳಗೆ ಮೂಲೆಯ ಬಾಕಿನ ಮೇಲೆ ಮಾವ ಕೂತಿದ್ದರು. ತೊಗರಿ ಮಾರಲು ಬಂದವರು. ಮುಂದೆ ಒಂದು ಕಪ್ಪಿನಲ್ಲಿ ಚಹಾ ಆರುತ್ತಿತ್ತು. ಕಣ್ಣು ಮುಚ್ಚಿ, ರುಮಾಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ತಮ್ಮದೇ ಬಾಜಾದ ಹಾಡನ್ನು ಪರರ ಹೋಟೆಲಿನಲ್ಲಿ ಕೇಳುತ್ತಿದ್ದರು. ಹೋಗಿ ಕಾಲು ಮುಟ್ಟಬೇಕಾಗಿತ್ತು. ನಾನು ಬಂದ ಹೆಜ್ಜೆಯಲ್ಲೇ ತಿರುಗಿ ಬಸ್ಸು ಹತ್ತಿ ಕೂತೆ. ಅಂದು ನನ್ನ ಬಗ್ಗೆ ನನಗೇ ಹೇಸಿಕೆಯಾಯಿತು.

ಬಾಜಾ ತಿರುಗಿ ಕೊಂಡುಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿದೆ. ನನ್ನ ಗಟ್ಟಿ ಮನಸ್ಸು ಗಟ್ಟಿಯಾಗಲಿಕ್ಕೆ ಎರಡು ವರ್ಷ ತೆಗೆದುಕೊಂಡಿತು. ಹೋಗಿ ಕೇಳುವಷ್ಟರಲ್ಲಿ ಚಾಂದಸಾಬನ ಗಲ್ಲಾಪೆಟ್ಟಿಗೆಯ ಮೇಲೆ ಟ್ರಾನ್ಸಿಸ್ಟರು ಹಿಂದಿ ಸಿನಿಮಾ ಹಾಡು ಒದರುತ್ತಿತ್ತು. "ಆ ಹಳೇ ಪದ ಯಾರು ಕೇಳ್ತಾರ ಸಾಬ್? ಗಿರಾಕಿ ಎದ್ದು ಹೋಗಾಕತ್ತಿದ್ರು. ಗುಜರಿಯವಗ ಹಾಕಿಬಿಟ್ಟೆ, ಪ್ಲೇಟೂ ಸಹಿತ" ಎಂದ. ಗುಜರಿಯವನನ್ನು ಹುಡುಕಿದೆ. ಪೆಟ್ಟಿಗೆಯ ಕಟ್ಟಿಗೆ ಒಲೆಗೆ ಹೋಗಿತ್ತು. ಪ್ಲೇಟುಗಳನ್ನು ಯಾರೋ ಬಿಸಿನೀರಿನಲ್ಲಿ ಮಣಿಸಿ ಹೂವಿನ ಬುಟ್ಟಿ ಮಾಡಿದ್ದರು.

ಕಡೆಗೊಮ್ಮೆ ಓಣಿಯ ಕಂಬಗಳು ಎದ್ದುನಿಂತವು, ಕರೆಂಟು ಬಂತು. ಮಾವನನ್ನು ಕರೆಸಿದೆ. ಓಣಿಯೆಲ್ಲ ಕೂಡಿತು. ರೇಡಿಯೋ ಗೊರಗೊರ ಅಂದು, ಹಸಿರು ಕಣ್ಣು ನಿಜವಾಗಿಯೂ ತೆರೆಯಿತು. ಒಬ್ಬರು ಬಹಳ ಗಂಭೀರವಾಗಿ ಶೇಂಗಾ ಬೆಳೆಗೆ ಬೀಳುವ ಹುಳದ ಬಗ್ಗೆ ಹೇಳಿದರು. ಮಾವ ಪೂರಾ ಕೇಳಿ, "ಛಲೋ ಅದರಿ. ಆದ್ರ ಇದು ತನಗ ತಿಳದದ್ದು ಹೇಳ್ತದ. ಬಾಜಾ ನಮಗ ಬೇಕಾದ್ದು ಹಾಡ್ತಿತ್ತು" ಎಂದರು. ದೂರಲಿಲ್ಲ, ಹಂಗಿಸಲಿಲ್ಲ, ಇದ್ದದ್ದು ಹೇಳಿದರು. ಬೈದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ಆಮೇಲೆ ಕಾಲ ನೋಡನೋಡುತ್ತ ಬದಲಾಯಿತು. ಎಮ್ಮೆ ಕಾಯುವವನ ಹೆಗಲಿಗೂ ಟ್ರಾನ್ಸಿಸ್ಟರು ಬಂತು. ನನ್ನ ಹಸಿರು ಕಣ್ಣನ್ನು ಕಂಡು ಹುಡುಗಿಯರು ನಗುವಂತಾಯಿತು. ಬೇಮಳಖೇಡದ ಮದುವೆಯೊಂದಕ್ಕೆ ಹೋದರೆ ಅಲ್ಲಿ ಮದುಮಗ ಟೇಪ್ ರೆಕಾರ್ಡರಿಗೆ ಸಿಟ್ಟಾಗಿ ಕೂತಿದ್ದ. ಅವನ ಮಾವನ ಮುಖ ನೋಡಲಾಗದೆ ನಾನು ಎಲೆ ನೋಡುತ್ತ ಕೂತೆ. ಅಲ್ಲಿಯೇ ನನಗೆ ಹೊಳೆದದ್ದು: ಟೇಪ್ ರೆಕಾರ್ಡರು ನಮಗೆ ಬೇಕಾದ್ದು ಹಾಡುತ್ತದೆ!

ಹುಮನಾಬಾದಿನಲ್ಲಿ ಒಂದು ಕೊಂಡೆ. ಆದರೆ ಮಾವನ ಪ್ಲೇಟಿನ ಪದಗಳ ಕ್ಯಾಸೆಟ್ಟು ಯಾವ ಅಂಗಡಿಯಲ್ಲೂ ಇಲ್ಲ. ಅಂಗಡಿಯವನು, "ಅಂಥಾ ಹಾಡು ಇತ್ತೇನ್ರಿ?" ಎಂದು ನನ್ನನ್ನೇ ಕೇಳಿದ. ಇತ್ತು. ನಮ್ಮ ಅಡಿಗೆಮನೆಯಲ್ಲಿ ಇತ್ತು. ಮಾದೇವಿ ಮೊದಲು, "ನನಗ ನಾಚಿಕಿ ಬರ್ತದ, ಹೋಗ್ರಿ" ಎಂದಳು. ಸುಮ್ಮನೆ ಕೂತು ಹಾಡೆಂದರೆ ಅವಳಿಗೆ ಪದ ನೆನಪಾಗುವುದಿಲ್ಲ. ರೊಟ್ಟಿ ಬಡಿದರೆ ಮಾತ್ರ ಬರುತ್ತದೆ. ಹೀಗಾಗಿ ಒಂದು ಮಧ್ಯಾಹ್ನ ಹಿಟ್ಟಿನ ಡಬ್ಬಿಯ ಮೇಲೆ ಯಂತ್ರವಿಟ್ಟು, ಅವಳು ಮೂವತ್ತು ರೊಟ್ಟಿ ಬಡಿದು ಮುಗಿಸುವ ತನಕ ಹಾಡೆಲ್ಲ ತುಂಬಿಸಿದೆ. ಮೂರು ದಿನ ನಾವು ಅವೇ ರೊಟ್ಟಿ ತಿಂದೆವು.

ಟೇಪ್ ರೆಕಾರ್ಡರನ್ನು ಅದೇ ಹಳೆಯ ಕೌದಿಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು, ಮಾದೇವಿಯ ಜೊತೆ ಬಸ್ಸಿನಲ್ಲಿ ರಾಜೇಶ್ವರಕ್ಕೆ ಹೋದೆ. ಮಾವನ ಕಣ್ಣುಗಳು ಆಗ ಮಂಜಾಗಿದ್ದವು. ಉಪ್ಪಿನಕಾಯಿ ಭರಣಿ ಸರಿಸಿ ಟೇಪನ್ನು ಗೂಡಿನಲ್ಲಿ ಇಟ್ಟೆ. ಕಾಲು ಮುಟ್ಟಿ, "ಮಾವಾರ, ನಿಮ್ಮ ಬಾಜಾ ನನ್ನಿಂದ ಹೋತು" ಎಂದೆ.

"ಅದು ಇರಲಿ. ಆವತ್ತು ಸಂತಿ ದಿವಸ ಚಾಂದಸಾಬನ ಹೋಟೆಲಿಗೆ ಬಂದವ್ರು ಬಾಗಲದಾಗಿಂದ ಯಾಕ ಹೋದ್ರಿ?" ಎಂದರು ಮಾವ. "ಅರೆಗಣ್ಣಿಲೆ ನಾ ನೋಡಿದ್ದೆ. ನಿಮಗೂ ಒಂದು ಚಾ ಹೇಳಿದ್ದೆ. ನೀವು ಬರಲಿಲ್ಲ, ಎರಡೂ ನಾನೇ ಕುಡದೆ. ಎಂಥಾ ಹೊಲಸು ಚಾ ಅದು!"

ನಾನು ಗುಂಡಿ ಒತ್ತಿದೆ. ಮೊದಲು ನನ್ನ ದನಿಯೇ ಬಂತು: "ಏ ಮಾದೇವಿ, ಹಾಡು, ಹಾಡು! ತಡಿ, ತಡಿ, ಕೆಂಪು ದೀಪ ಹತ್ಯದೋ ಇಲ್ಲೋ? ಹತ್ಯದ! ಹಾಡು!" ಆಮೇಲೆ ರೊಟ್ಟಿಯ ಪಟಪಟ ಸದ್ದು, ಅದರ ಮೇಲೆ ಮಾದೇವಿಯ ಹಾಡು. ಮಾವ ಕಣ್ಣು ಮುಚ್ಚಿದರು. ರುಮಾಲಿನ ತುದಿ ಬೆರಳಿಗೆ ಹೋಯಿತು. "ಎಲ್ಲಿ ಹೋದಿ, ಎಲ್ಲಿ ಹೋದಿ, ಎಲ್ಲಿ ಹೋದಿ" ಎಂದಳು ಮಾದೇವಿ. ಮೂರನೆಯದಕ್ಕೆ ಮಾವ ಕಣ್ಣು ತೆರೆಯದೆ ಕೈ ಚಾಚಿ ಟೇಪಿನ ಮುಚ್ಚಳಕ್ಕೆ ಬೆರಳಿನಿಂದ ಟಕ್ಕನೆ ಹೊಡೆದರು. ಹಾಡು ಮುಂದೆ ಓಡಿತು. ಬಾಗಿಲಲ್ಲಿ ನಿಂತ ಮಾದೇವಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನೂ ಕಣ್ಣೊರೆಸಿಕೊಂಡೆ.

ಹಾಡೆಲ್ಲ ಮುಗಿದ ಮೇಲೆ ಮಾವ ಬೆರಳಿಗೆ ಸುತ್ತಿದ ರುಮಾಲಿನ ತುದಿ ಬಿಚ್ಚಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಾ ಛಲೋ ಅದರಿ ಅಳಿಯಂದ್ರ. ಆದ್ರ ಸುರುವಿಗೆ ಒಬ್ಬಾಂವ ಒದರ್ತಾನಲ್ಲ, ಅವನ್ನ ಅಷ್ಟು ತಗೀಲಿಕ್ಕೆ ಬರಂಗಿಲ್ಲೇನ್ರಿ?" ಎಂದರು.

ಅಳಿಸಲಿಕ್ಕೆ ಬರುತ್ತದೆಂದು ಅಂಗಡಿಯವನು ನನಗೆ ಎರಡು ಸಲ ಹೇಳಿಕೊಟ್ಟಿದ್ದ. "ಬರಂಗಿಲ್ರಿ ಮಾವಾರ" ಎಂದೆ.