ನಮ್ಮ ಮದುವೆಯ ಬಲೂನಿನ ನೆರೆಯವರಾದ ಸಮುದ್ರ ಸೌತೆಯವರಿಗೆ

ಮಾನ್ಯ ಸಮುದ್ರ ಸೌತೆಯವರೇ,

ನನಗೆ ಮದುವೆಯಾಯಿತು! ಈ ಶುಭ ಸುದ್ದಿ ಬಿಸಿಲೂ ಇಳಿಯದ ತಮ್ಮ ಕಡಲ ತಳಕ್ಕೆ ನನ್ನ ಪತ್ರಕ್ಕಿಂತ ಮೊದಲೇ ತಲುಪಿದೆಯೆಂದು ತಿಳಿದು ಸಂತೋಷವೂ ತುಸು ನಾಚಿಕೆಯೂ ಆಗಿ, ಈ ಬಹಿರಂಗ ದೂರನ್ನು ತಮ್ಮ ಕೆಸರಿಗೆ ಅರ್ಪಿಸುತ್ತಿದ್ದೇನೆ. ಶಾಲೆಯಲ್ಲಿ ನಮಗೆ ಕಲಿಸಿದ್ದು ಜ್ವರಕ್ಕೆ ರಜೆ ಕೇಳುವ ಇಂಗ್ಲಿಷ್ ಪತ್ರ ಒಂದನ್ನೇ; ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ತಾವು ಹೆಸರಿಗಷ್ಟೇ ಸೌತೆ, ನಿಜದಲ್ಲಿ ಕಡಲ ತಳದಲ್ಲಿ ತೆವಳುವ ಪ್ರಾಣಿ, ಸಿಕ್ಕಿದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುವುದೇ ತಮ್ಮ ವೃತ್ತಿ ಎಂದು ನನ್ನವರು ಹೇಳಿದ್ದಾರೆ.

ನನ್ನವರದು ಹಡಗಿನಿಂದ ಕ್ಯಾಮೆರಾ ಇಳಿಸಿ ಕಡಲ ತಳದ ಕಸ ಎಣಿಸುವ ಕೆಲಸ. ಬಾಟಲಿ, ಒಂಟಿ ಚಪ್ಪಲಿ, ಬಿಸ್ಕತ್ತಿನ ಹೊದಿಕೆ, ಹರಿದ ಬಲೆ ಎಂದು ಅವರು ಎಣಿಸುತ್ತ ಹೋದಂತೆ ನನ್ನ ಮಧುಚಂದ್ರ ಮುಂದಕ್ಕೆ ಹೋಗುತ್ತಲೇ ಇದೆ. ಹಗಲಿರುಳು ಕೆಸರು ತಿಂದು ನೆಲ ಚೊಕ್ಕಟವಾಗಿಡುವ ತಾವು ಪ್ಲಾಸ್ಟಿಕ್ಕಿಗೂ ಒಂದಿಷ್ಟು ಬಾಯಿ ಹಾಕಿದ್ದರೆ ನನ್ನ ಗಂಡ ಈಗ ಮನೆಯಲ್ಲಿರುತ್ತಿದ್ದರು ಎಂಬುದೇ ನನ್ನ ಮೊದಲ ದೂರು.

ಇನ್ನೊಂದು ಕೊಂಚ ಸೂಕ್ಷ್ಮ. ಕಳೆದ ವಾರ ಕ್ಯಾಮೆರಾದಲ್ಲಿ ತಾವು ಕಾಣಿಸಿಕೊಂಡಿರಿ. ತಮ್ಮ ಮೈಗೆ ಒರಗಿಕೊಂಡು ಬೆಳ್ಳಿಬಣ್ಣದ ಹೃದಯಾಕಾರದ ಬಲೂನು, ಅದರ ಮೇಲೆ ದಪ್ಪಕ್ಷರದಲ್ಲಿ ನಮ್ಮಿಬ್ಬರ ಹೆಸರು! ಮದುವೆಯ ಸಂಜೆ ಮಾವನವರು ದಂಡೆಯಿಂದ ಹಾರಿಬಿಟ್ಟ ಬಲೂನುಗಳು ಆಕಾಶ ಸೇರಿದವೆಂದೇ ನಾವೆಲ್ಲ ನಂಬಿದ್ದೆವು. ಇದು ಯಾರ ಹೆಸರೆಂದು ಮೇಲಧಿಕಾರಿ ಕೇಳಿದಾಗ ನನ್ನವರು ಎದೆಯುಬ್ಬಿಸಿ, “ನಮ್ದೇ ಸಾರ್, ಪಕ್ಕದಲ್ಲಿರೋದು ನನ್ನ ಹೆಂಡ್ತಿ!” ಅಂದರಂತೆ. ಅಂದಿನಿಂದ ಹಡಗಿನವರಿಗೆಲ್ಲ ನಾನು ಬಲೂನ್ ಅತ್ತಿಗೆ. ಇಂಥ ಗಂಡ ಯಾರಿಗುಂಟು, ಹೇಳಿ!

ಆದಕಾರಣ ತಾವು ಆ ಬಲೂನಿಗೆ ಉಸಿರು ತುಂಬಿ ಮೇಲಕ್ಕೆ ಕಳುಹಿಸಿಕೊಡಬೇಕು. ಆಗದಿದ್ದರೆ ಮುಂದಿನ ಸಲ ಕ್ಯಾಮೆರಾ ಬಂದಾಗ ಹೆಸರಿನ ಮೇಲೆ ದಯವಿಟ್ಟು ಮಲಗಿಕೊಳ್ಳಬೇಕು. ನೂರು ವರ್ಷ ಜೊತೆಯಾಗಿ ಬಾಳಿ ಎಂದು ಬಂಧುಗಳು ಹರಸಿದ್ದು ನಮ್ಮನ್ನು, ಅದು ಫಲಿಸುತ್ತಿರುವುದು ಕೊಳೆಯದ ಈ ಬಲೂನಿಗೆ.

ಕೊನೆಯದಾಗಿ ಒಂದು ಎಚ್ಚರಿಕೆ. ಶುಕ್ರವಾರ ಮಗನ ಹಡಗು ದಡ ಮುಟ್ಟುವಾಗ ಮಾವನವರು ಮತ್ತೆ ಬಲೂನು ಹಾರಿಸುವವರಿದ್ದಾರೆ, ಈ ಸಲ ದುಪ್ಪಟ್ಟು. ಬೇಡವೆಂದು ಫೋನಿನಲ್ಲಿ ಬೇಡಿಕೊಂಡರೆ, “ಸುಮ್ನಿರಮ್ಮಾ, ನಾಚ್ಕೋಬೇಡ” ಎಂದು ನಗುತ್ತಾರೆ. ಹೊಸ ಸೊಸೆ ಮಾವನೆದುರು ಎಷ್ಟೆಂದು ದನಿಯೆತ್ತಲಿ? ಬಂದ ಕೂಡಲೇ ಕೆಟ್ಟವಳಾಗಲು ನನಗೂ ಇಷ್ಟವಿಲ್ಲ. ಆದ್ದರಿಂದ ದನಿಯ ಬದಲು ಒಂದು ಡಬ್ಬಿ ತುಂಬ ಸೇಫ್ಟಿ ಪಿನ್ನು ತರುತ್ತಿದ್ದೇನೆ.

ತಮ್ಮ ವಿಶ್ವಾಸಿ,
ಬಲೂನ್ ಅತ್ತಿಗೆ

ವಿ.ಸೂ.: ತಮಗೆ ಕಣ್ಣಿಲ್ಲವಾದ್ದರಿಂದ ಈ ಪತ್ರದ ಒಂದು ಪ್ರತಿಯನ್ನು ಕಣ್ಣಿರುವ ಮಾವನವರಿಗೂ ಕಳುಹಿಸಿದ್ದೇನೆ. ಮಾವಾ, ಗುರುವಾರ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಬರುತ್ತೇನೆ. ಸ್ಟೇಷನ್ನಿಗೆ ಖಂಡಿತ ಬನ್ನಿ, ಬರಿಗೈಯಲ್ಲಿ.