ಒಂದೇ ಸಲ ಕರದ್ರ ಯಾರು ಬರ್ತಾರ್ರಿ?

ಆಳಂದದಾಗ ಎಸ್‌ಟಿಡಿ ಬೂತ್ ಇಟ್ಟು, ಅದರ ಬಾಜೂಕ ಒಂದು ಕಂಪ್ಯೂಟರನೂ ಕೂಡಿಸಿದವನ ತಲಿ ನೆಟ್ಟಗ ಉಳಿಯಂಗಿಲ್ಲ ನೋಡ್ರಿ. ತೊಂಬತ್ತರ ದಶಕದ ಕೊನಿಗೆ ನಮ್ಮ ಕಡಿ ಮೂರು ಹುಡುಗರು ಓದಾಕ ವಿಲಾಯತಿಗೆ ಹೋಗಿದ್ರು. ಒಬ್ಬ ಆಳಂದದವ, ಒಬ್ಬ ಅಫಜಲಪುರದವ, ಇನ್ನೊಬ್ಬ ಜೇವರ್ಗಿಯವ. ಅಲ್ಲಿ ಅಕ್ಕಪಕ್ಕದ ಊರಾಗ ಇದ್ದು, ಈ-ಮೇಲ್‌ನಾಗ ಒಬ್ಬರಿಗೊಬ್ಬರು ಧೈರ್ಯ ಹೇಳ್ಕೋತಿದ್ರು. ಹೇಳ್ಕೊಳ್ಳಿ, ನನಗೇನು? ಆದ್ರ ಮನಿಯವರಿಗೂ ಸುದ್ದಿ ತಿಳೀಲಿ ಅಂತ ಎಲ್ಲಾ ಮೇಲ್ ನನ್ನ ಬೂತಿಗೂ ಕಳಸ್ತಿದ್ರು! ಆಳಂದದ ಹುಡುಗನ ಅವ್ವ ದಿನಾ ಬಂದು ಸ್ಟೂಲ್ ಮ್ಯಾಲ ಕುಂತು "ಓದಪಾ" ಅನ್ನಾಕಿ. ಗಿರಾಕಿಗಳು ನಿಂತೇ ಇರ್ತಿದ್ರು.

೧. ತಾಟು

ಜೇವರ್ಗಿಯವ ಹೊಸದಾಗಿ ಹೋದವ. ಬರದಿದ್ದ: ‘ಮನಿ ಮಾಲಕಿ ಊಟ ಮಾಡ್ತೀಯೇನು ಅಂದ್ಳು. ಬ್ಯಾಡ್ರಿ ಅಂದೆ. ತಾಟು ಎತ್ಕೊಂಡು ಹೋಗೇಬಿಟ್ಳು. ಹಸದು ಸಾಯಾಕತ್ತೇನಿ.’

ಆಳಂದದವನ ಅವ್ವ ಎದಿ ಬಡ್ಕೊಂಡ್ಳು. "ಎರಡನೇ ಸಲ ಕೇಳಲಿಲ್ಲೇನು? ಎಂಥಾ ಮಂದಿ! ಆಕಿಗೆ ಫೋನ್ ಹಚ್ಚು, ನಾ ಮಾತಾಡ್ತೇನಿ."

"ಯಾವ ಭಾಷಾದಾಗ್ರಿ?"

"ಬೈಯಾಕ ಯಾವ ಭಾಷಾ ಆದ್ರೇನು?"

೨. ಶಾಣ್ಯಾತನ

ಅಫಜಲಪುರದ ಶಾಣ್ಯಾ ಉತ್ತರ ಬರದ: ‘ಇಲ್ಲಿ ಏನು ಕೇಳಿದ್ರೂ ಮೊದಲ್ನೇ ಸಲಕ್ಕೇ ಹೂಂ ಅನ್ನಲೇ.’

ಜೇವರ್ಗಿಯವ ಚಾಚೂ ತಪ್ಪಲಿಲ್ಲ. ಊಟಕ್ಕ ಹೂಂ ಅಂದ, ಹೊಟ್ಟಿ ತುಂಬಿತು. ಮಾಲಕಿ ಕೇಳಿದ್ಳು, ನಾಯಿ ತಿರುಗಿಸಿಕೊಂಡು ಬರ್ತೀಯೇನು? ಹೂಂ. ಅಂಗಳದಾಗಿನ ಹಿಮ ತೆಗೀತೀಯೇನು? ಹೂಂ. ನನ್ನ ತಂಗಿ ಬರಾಕತ್ತಾಳ, ರವಿವಾರ ಖೋಲಿ ಖಾಲಿ ಮಾಡ್ತೀಯೇನು? ಅದಕ್ಕೂ ಹೂಂ!

ತೋಬಾ ತೋಬಾ! ಶಾಣ್ಯಾ ಮಾತ್ರ ತಣ್ಣಗ ಬರದಿದ್ದ: ‘ನಾ ಹೇಳಿದ್ದು ಊಟದ ಮಾತು. ಖೋಲಿದು ನೀನೇ ವಿಚಾರ ಮಾಡ್ಬೇಕಿತ್ತು.’

೩. ರವಿವಾರ

ಆ ಥಂಡ್ಯಾಗ ಹುಡುಗ ಎಲ್ಲಿ ಮಲಗಬೇಕ್ರಿ? ನಾನೂ ಗಿರಾಕಿ ಬಿಟ್ಟು ಮೇಲ್ ನೋಡಾಕ ಕುಂತೆ. ಅದರಾಗ ಎರಡು ದಿನ ಲೈನ್ ಬ್ಯಾರೆ ಕಟ್. ರವಿವಾರ ಸಂಜಿಕ ಶನಿವಾರದ ಮೇಲ್ ತೆರೀತು. ಆಳಂದದವ ಬರದಿದ್ದ: ‘ನನ್ನ ಖೋಲಿಗೆ ಬಾ.’ ಜೇವರ್ಗಿಯವ: ‘ಬ್ಯಾಡೋ, ನಿನಗ್ಯಾಕ ತ್ರಾಸ?’ ಆಳಂದದವ: ‘ಆಯ್ತು.’

ಅವ್ವ ಸ್ಟೂಲ್ ಬಿಟ್ಟು ಎದ್ಳು. "ಆಯ್ತು? ನನ್ನ ಹೊಟ್ಟಿಲೆ ಹುಟ್ಟಿದವ ಆಯ್ತು ಅಂದ್ನೇನು? ಹಚ್ಚು ಫೋನ್!"

ಹಚ್ಚಿದೆ. ಬಸ್‌ಸ್ಟ್ಯಾಂಡಿನ ತನಕ ಕೇಳಂಗ ಚೀರಿದ್ಳು: "ಲೇ, ಬಿಳಿ ಮಂದಿ ಜೋಡಿ ಇದ್ದು ಮಾನಾ ಮರ್ಯಾದಿ ಬಿಟ್ಟೀಯೇನಲೇ? ಹೊಳ್ಳಿ ಕರೀ ಅವನ್ನ! ಕೈ ಹಿಡಿದು ಜಗ್ಗಿ ಕರೀ!"

ಆ ಕಡಿಂದ ಮಗನ ಅಳುದನಿ ನನಗೂ ಕೇಳಿಸ್ತು: "ಅವ್ವಾ, ಅದನ್ನೇ ಮಾಡಾಕತ್ತೇನಿ! ಟ್ರಂಕು, ಗಾದಿ ಹೊತ್ಕೊಂಡು ಮುಂಜಾನಿನೇ ಬಂದಾನ. ಬಾಗಿಲಾಗ ನಿಂತು ಇನ್ನೂ ಬ್ಯಾಡ ಬ್ಯಾಡ ಅನ್ನಾಕತ್ತಾನ!"