ಮಾಷ್ಟ್ರ ಕಲ್ಲಿನ ಪೆಟ್ಟಿಗೆ

ಕಲ್ಲು ಅಂದರೆ ಇಟ್ಟಲ್ಲೇ ಇರುವ ವಸ್ತು ಎಂದು ಎಲ್ಲರೂ ತಿಳಿದಿದ್ದಾರೆ. ನಾನು ಕೂಡಿಹಾಕಿದ ಕಲ್ಲುಗಳು ಮಾತ್ರ ಇಟ್ಟಲ್ಲಿ ಇದ್ದದ್ದೇ ಇಲ್ಲ. ಹೋದಲ್ಲೆಲ್ಲ ಏನಾದರೊಂದು ಫಜೀತಿ ಮಾಡಿಕೊಂಡೇ ಬರುತ್ತಿದ್ದವು.

ಕಾಸರಗೋಡು ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ನಾನು ಮಧೂರಿನ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಷ್ಟ್ರು. ನನ್ನ ಭಾವನಿಗೆ ತಿರುಚಿನಾಪಳ್ಳಿಯ ಆಚೆ, ಅರಿಯಲೂರಿನಲ್ಲಿ ರೈಲ್ವೆ ಕೆಲಸ. ಡೈನೊಸಾರ್ ಎಂಬ ರಾಕ್ಷಸ ಗಾತ್ರದ ಪ್ರಾಣಿಗಳು ಭೂಮಿಯಿಂದ ಅಳಿದುಹೋದವಲ್ಲ, ಆ ಕಾಲದಲ್ಲಿ ಅರಿಯಲೂರು ಸಮುದ್ರದ ಅಡಿ ಇತ್ತು. ಅಂದಿನ ಸಮುದ್ರದ ಜೀವಿಗಳು ಈಗ ಕಲ್ಲಾಗಿ ಅಲ್ಲಿಯ ಹೊಲಗಳಲ್ಲಿ ಬಿದ್ದಿವೆ. ರಜೆ ಸಿಕ್ಕಿದಾಗೆಲ್ಲ ಓಡಿಹೋಗಿ ಅವನ್ನು ಆರಿಸಿ ತರುವುದು ನನಗೆ ಹಿಡಿದ ಹುಚ್ಚು.

ಶಾಲೆಯಲ್ಲಿ ಒಂದು ಗಾಜಿನ ಕಪಾಟಿನೊಳಗೆ ಅವನ್ನು ಸಾಲಾಗಿ ಇಡಬೇಕು, ಮಕ್ಕಳು ಮೂಗು ಒತ್ತಿ ನೋಡಬೇಕು ಎಂಬ ಆಸೆ. ಹೆಡ್‌ಮಾಷ್ಟ್ರು ಹೇಳಿದರು: "ಶಾಲೆ ತಪಾಸಣೆಗೆ ಬರುವ ಇನ್ಸ್‌ಪೆಕ್ಟರು ನೋಡಿ ಮೆಚ್ಚಿದರೆ ಕಪಾಟು. ಇಲ್ಲದಿದ್ದರೆ ಬಾವಿಕಟ್ಟೆಯ ಹತ್ತಿರ ಕೆಸರು ಉಂಟಲ್ಲ, ಅಲ್ಲಿಗೆ ಹಾಕುವ ಮಾರಾಯ್ರೇ."

ಪೆಟ್ಟಿಗೆಯಲ್ಲಿ ಅಕ್ಕಿ

ಅಕ್ಕಿಗೆ ಕಂಟ್ರೋಲ್ ಇದ್ದ ದಿನಗಳು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಕ್ಕಿ ಸಾಗಿಸಿದರೆ ಪೊಲೀಸರು ಹಿಡಿಯುತ್ತಿದ್ದರು. ನಾನು ಅರಿಯಲೂರಿನಿಂದ ಬಂದು ಕಾಸರಗೋಡು ಸ್ಟೇಷನ್ನಿನಲ್ಲಿ ಇಳಿದಾಗ ನನ್ನ ಟ್ರಂಕು ಎತ್ತಲು ಇಬ್ಬರು ಕೂಲಿಯವರು ಬೇಕಾದರು. ಪೊಲೀಸಿನವನ ಕಣ್ಣು ಅದರ ಮೇಲೆ ಬಿತ್ತು.

"ಒಳಗೆ ಎಂತ ಉಂಟು?"

"ಕಲ್ಲು."

"ತಮಾಷೆ ಬೇಡ. ಬೀಗ ತೆಗೆಯಿರಿ."

ತೆಗೆದೆ. ಮೇಲೆ ಕಲ್ಲು. ಅಕ್ಕಿ ಅಡಿಯಲ್ಲಿ ಇರಬೇಕೆಂದು ಅವನು ಒಂದೊಂದೇ ಕಲ್ಲು ಎತ್ತಿ ಪ್ಲಾಟ್‌ಫಾರ್ಮಿನ ಮೇಲೆ ಇಟ್ಟ. ಜನ ಸೇರಿದರು. ತಳದವರೆಗೂ ಕಲ್ಲೇ. ಬೆವರು ಒರೆಸಿಕೊಂಡು ಎದ್ದುನಿಂತ ಅವನಿಗೆ ನನ್ನ ಮೇಲೆ ವಿಪರೀತ ಕನಿಕರ ಹುಟ್ಟಿತು.

"ರೇಶನ್ ಅಂಗಡಿಯವರು ಕೊಡುವ ಕಲ್ಲಿನಲ್ಲಿ ನಾಲ್ಕು ಕಾಳು ಅಕ್ಕಿಯಾದರೂ ಇರುತ್ತದೆ ಮಾಷ್ಟ್ರೇ. ನಿಮಗೆ ಅದೂ ಇಲ್ಲದ ಹಾಗೆ ಮೋಸ ಮಾಡಿದ್ದಾರೆ!"

ಶಿರಿಯದ ಸುಣ್ಣ

ತಂದದ್ದರಲ್ಲಿ ಕೆಲವು ದಪ್ಪ ದಪ್ಪ ಚಿಪ್ಪುಗಳಿದ್ದವು. ಈ ಜಾತಿಯವು ಈಗಲೂ ನಮ್ಮ ಕಡಲಿನಲ್ಲಿ ಸಿಗುತ್ತವೆಯೋ ನೋಡುವ ಕುತೂಹಲ ನನಗೆ. ಶಿರಿಯ ಹೊಳೆಯ ಬದಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವ ಒಬ್ಬ ಮುದುಕನಿದ್ದ. ಚಿಪ್ಪಿನ ವಿಷಯ ಅವನಿಗಿಂತ ಹೆಚ್ಚು ಯಾರಿಗೆ ಗೊತ್ತು ಎಂದುಕೊಂಡು ಒಂದು ಚೀಲ ತುಂಬ ಚಿಪ್ಪು ಅವನ ಮುಂದೆ ಇಟ್ಟು, "ಇಂಥದ್ದು ಸಿಕ್ಕಿದರೆ ತೆಗೆದಿಡು. ಬರುವ ವಾರ ಬರುತ್ತೇನೆ" ಅಂದೆ. ಅವನು ತಲೆಯಾಡಿಸಿದ.

ಮುಂದಿನ ವಾರ ಹೋದಾಗ ಬಾಳೆಲೆಯ ಒಂದು ಕಟ್ಟು ಕೈಗೆ ಕೊಟ್ಟ. ಬಿಚ್ಚಿದರೆ ಬೆಳ್ಳಗಿನ ಸುಣ್ಣ!

"ನನ್ನ ಚಿಪ್ಪು ಎಲ್ಲಿ?"

"ಅದೇ ಇದು."

"ಸುಡಲಿಕ್ಕೆ ಯಾರು ಹೇಳಿದ್ದು?" ಎಂದು ಕೂಗಿದೆ.

ಅವನು ಕಕ್ಕಾಬಿಕ್ಕಿಯಾದ. "ಸುಣ್ಣ ಸುಡುವವನ ಹತ್ತಿರ ಚಿಪ್ಪು ಹಿಡಿದುಕೊಂಡು ಜನ ಮತ್ತೆ ಎಂತಕ್ಕೆ ಬರುವುದು ಮಾಷ್ಟ್ರೇ? ಕ್ಷೌರಕ್ಕೆ ಬರುತ್ತಾರಾ?"

ಅವನ ಜಗಲಿಯಲ್ಲೇ ಕೂತು, ಅದೇ ಸುಣ್ಣ ಹಚ್ಚಿ ಒಂದು ವೀಳ್ಯ ಹಾಕಿದೆ. ಕೋಟಿಗಟ್ಟಲೆ ವರ್ಷ ಹಳತಾದ ಸುಣ್ಣವಾದರೂ ಹೊಸ ಸುಣ್ಣದ ಹಾಗೆಯೇ ನಾಲಗೆ ಸುಟ್ಟಿತು.

ಉಪ್ಪುಸೊಳೆಯ ಭರಣಿ

ಚಿಪ್ಪುಗಳು ಹೋದ ಮೇಲೆ ನನ್ನ ಆಸೆಯೆಲ್ಲ ಒಂದೇ ಕಲ್ಲಿನ ಮೇಲೆ ನಿಂತಿತು. ಸಣ್ಣ ತಟ್ಟೆಯಷ್ಟು ಅಗಲ, ಕಪ್ಪು ಬಣ್ಣ, ಸುರುಳಿ ಸುತ್ತಿದ ಗೆರೆಗಳು. ಬಸವನಹುಳುವಿನಂತೆ ಸುರುಳಿ ಚಿಪ್ಪಿನೊಳಗೆ ಬದುಕಿದ್ದ ಒಂದು ಸಮುದ್ರದ ಜೀವಿ ಅದು. ಇನ್ಸ್‌ಪೆಕ್ಟರಿಗೆ ತೋರಿಸಲು ಅದೊಂದಿದ್ದರೆ ಸಾಕಿತ್ತು. ನಮ್ಮದು ಮಡಿಯ ಮನೆಯಾದ್ದರಿಂದ ಅದು ಪ್ರಾಣಿ ಎಂಬ ಮಾತನ್ನು ಮಾತ್ರ ನಾನು ಎತ್ತಿರಲಿಲ್ಲ. ಸಮುದ್ರದ ಕಲ್ಲು ಎಂದಷ್ಟೇ ಹೇಳಿದ್ದೆ.

ಇನ್ಸ್‌ಪೆಕ್ಟರು ಬರುವ ದಿನ ಗೊತ್ತಾಯಿತು. ಹುಡುಕಿದರೆ ಕಲ್ಲು ಇಲ್ಲ. ಅಟ್ಟ, ಜಗಲಿ, ದನದ ಹಟ್ಟಿ, ಎಲ್ಲಿಯೂ ಇಲ್ಲ. ಕೊನೆಗೆ ಅಡಿಗೆಮನೆಯಲ್ಲಿ ಅಮ್ಮ ಉಪ್ಪುಸೊಳೆಯ ಭರಣಿಯ ಬಾಯಿ ತೆರೆದರು. ಉಪ್ಪುನೀರಿನಲ್ಲಿ ಹಲಸಿನ ಸೊಳೆ ಮೇಲೆ ತೇಲದಂತೆ ಭಾರಕ್ಕೆ ಇಟ್ಟ ಕಲ್ಲು ನನ್ನದೇ!

"ಎಂತ ಮಾಡಿದಿರಮ್ಮ!"

"ಅಷ್ಟು ಕಾಲ ಸಮುದ್ರದಲ್ಲಿ ಇದ್ದದ್ದು ಅಂತ ನೀನೇ ಹೇಳಿದ್ದಲ್ಲವಾ? ನನ್ನ ಭರಣಿಯ ಉಪ್ಪು ಅದಕ್ಕೆ ಎಂತ ಮಾಡುತ್ತದೆ?"

"ಇದು ಸಾಮಾನ್ಯ ಕಲ್ಲಲ್ಲ. ಇದನ್ನು ಗೌರವದಿಂದ ಇಡಬೇಕು" ಎಂದು ಗದರಿಸಿಯೇ ಹೇಳಿದೆ.

ಅಮ್ಮ ನನ್ನ ಮಾತು ಅಷ್ಟು ಚೆನ್ನಾಗಿ ಕೇಳಿದ್ದು ಅದೇ ಮೊದಲು. ಮರುದಿನ ಬೆಳಿಗ್ಗೆ ನೋಡಿದರೆ ಕಲ್ಲನ್ನು ತಿಕ್ಕಿ ತೊಳೆದು, ಸುರುಳಿ ಕಂಡು ಸಾಲಿಗ್ರಾಮವೆಂದು ನಿಶ್ಚಯಿಸಿ, ದೇವರ ಮಂಟಪದಲ್ಲಿ ಇಟ್ಟಿದ್ದರು. ಅಪ್ಪ ಅದಕ್ಕೆ ಹಾಲಿನ ಅಭಿಷೇಕ ಮಾಡುತ್ತಿದ್ದರು!

ಇನ್ಸ್‌ಪೆಕ್ಟರ ಭೇಟಿ

ನಿಜ ಹೇಳಿದರೆ ಸತ್ತ ಪ್ರಾಣಿಯನ್ನು ದೇವರ ಕೋಣೆಗೆ ತಂದವನೆಂದು ಅಪ್ಪ ನನ್ನನ್ನು ಮನೆಯಿಂದ ಹೊರಗೆ ಹಾಕುವುದು ಖಂಡಿತ. ಹೇಳದಿದ್ದರೆ ಕಲ್ಲು ಮಂಟಪ ಬಿಟ್ಟು ಏಳುವುದಿಲ್ಲ. ನನಗೆ ನಿದ್ದೆ ಬರಲಿಲ್ಲ.

ಮಂಗಳೂರಿನಿಂದ ಬಂದ ಇನ್ಸ್‌ಪೆಕ್ಟರು ಶಾಲೆಯಲ್ಲಿದ್ದ ಸಣ್ಣಪುಟ್ಟ ಕಲ್ಲುಗಳನ್ನು ನೋಡಿ, "ಹೆಡ್‌ಮಾಷ್ಟ್ರು ಹೇಳಿದ ಆ ದೊಡ್ಡದು ಎಲ್ಲಿ?" ಅಂದರು.

"ಮನೆಯಲ್ಲಿ, ಪೂಜೆಯಲ್ಲಿ ಉಂಟು ಸಾರ್."

ಅವರಿಗೆ ನಗು ತಡೆಯಲಾಗಲಿಲ್ಲ. ನಡೆಯಿರಿ ಎಂದು ಹೊರಟೇ ಬಿಟ್ಟರು. ದಾರಿಯುದ್ದಕ್ಕೂ ಬೇಡಿಕೊಂಡೆ: "ಅದು ಪ್ರಾಣಿ ಅಂತ ಮಾತ್ರ ಹೇಳಬೇಡಿ ಸಾರ್." ಖಂಡಿತ ಇಲ್ಲ ಎಂದು ಮಾತು ಕೊಟ್ಟರು.

ಆದರೆ ತುಳಸಿ, ಗಂಧ ಏರಿಸಿಕೊಂಡು ಕೂತ ಆ ಕಲ್ಲನ್ನು ಕಂಡದ್ದೇ ಅವರೊಳಗಿನ ವಿಜ್ಞಾನಿ ಎದ್ದ. "ಆಹಾ! ಎಂಥ ಚಂದದ ಪ್ರಾಣಿ!" ಎಂದು ಅಪ್ಪನಿಗೆ ಅದರ ಬಾಯಿ, ಕೈಕಾಲು, ಅದು ಈಜುತ್ತಿದ್ದ ರೀತಿ ಎಲ್ಲವನ್ನೂ ವಿವರಿಸಿದರು. ನಾನು ಕಣ್ಣು ಮುಚ್ಚಿಕೊಂಡೆ.

ಅಡಿಗೆಮನೆಯ ಬಾಗಿಲ ಹಿಂದಿನಿಂದ ಅಮ್ಮನ ಸ್ವರ ಬಂತು. ಪರಗಂಡಸರ ಹತ್ತಿರ ನೇರ ಮಾತಾಡುವ ಕ್ರಮ ಅವರಿಗಿರಲಿಲ್ಲ.

"ಕೇಳು ಮಗಾ ಅವರ ಹತ್ತಿರ. ಅದು ಸತ್ತು ಎಷ್ಟು ದಿನ ಆಯಿತಂತೆ?"

"ಆರೇಳು ಕೋಟಿ ವರ್ಷ" ಅಂದರು ಇನ್ಸ್‌ಪೆಕ್ಟರು.

ಅಪ್ಪ ನಿರಾಳವಾಗಿ ಉಸಿರು ಬಿಟ್ಟರು. "ಹಾಗಾದರೆ ಸೂತಕ ಕಳೆದಿದೆ. ತೊಂದರೆ ಇಲ್ಲ. ದೇವರಲ್ಲ ಅಂತಾದ ಮೇಲೆ ಶಾಲೆಗೇ ಕೊಂಡುಹೋಗಲಿ."

"ಗಾಜಿನ ಕಪಾಟು ಈ ವರ್ಷವೇ ಕೊಡಿಸುತ್ತೇನೆ" ಎಂದು ಇನ್ಸ್‌ಪೆಕ್ಟರು ನನ್ನ ಬೆನ್ನು ತಟ್ಟಿದರು. ನನಗೆ ಕುಣಿಯುವಷ್ಟು ಖುಷಿ. ಅಷ್ಟರಲ್ಲಿ ಮತ್ತೆ ಬಾಗಿಲ ಹಿಂದಿನಿಂದ, "ಅದರ ಮಕ್ಕಳು ಮರಿ ಯಾರಾದರೂ ಇದ್ದಾರಂತಾ?"

"ಯಾರೂ ಇಲ್ಲ. ಇಡೀ ಕುಲವೇ ನಾಶವಾಯಿತು."

"ಅಯ್ಯೋ ಪಾಪ! ಒಂದು ಬೊಗಸೆ ನೀರು ಬಿಡಲಿಕ್ಕೂ ಜನ ಇಲ್ಲವಾ?" ಅಮ್ಮನ ಸ್ವರ ಒದ್ದೆಯಾಗಿತ್ತು. "ಮಹಾಲಯಕ್ಕೆ ನೀವೇ ಒಂದು ತರ್ಪಣ ಕೊಡಿ. ಇಷ್ಟು ದಿನ ನಮ್ಮ ಮನೆಯಲ್ಲಿ ಇತ್ತಲ್ಲ."

ಅಪ್ಪ ಒಪ್ಪಿದರು. "ಕೊಡುವ. ಆದರೆ ಗೋತ್ರ ಎಂತ ಹೇಳುವುದು?"

ಎಲ್ಲರೂ ಇನ್ಸ್‌ಪೆಕ್ಟರ ಮುಖ ನೋಡಿದೆವು. ಅವರು ಕನ್ನಡಕ ತೆಗೆದು ಒರೆಸಿ, ಗಂಭೀರವಾಗಿ ಅಂದರು: "ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಅಂತ ಹೇಳುವ ಕ್ರಮ ಉಂಟಲ್ಲ?"

ಅಪ್ಪ ಬೆಚ್ಚಿದರು. "ಕಾಶ್ಯಪವಾ? ಅದು ನಮ್ಮದೇ ಗೋತ್ರ!"

ಬಾಗಿಲ ಹಿಂದಿನಿಂದ ಮತ್ತೆ ಅಮ್ಮ ಅಂದರು: "ಸತ್ತದ್ದು ಯಾವಾಗ ಬೇಕಾದರೂ ಆಗಿರಲಿ, ನಮ್ಮ ಕಿವಿಗೆ ಸುದ್ದಿ ಬಿದ್ದದ್ದು ಇವತ್ತಲ್ಲವಾ? ಗೋತ್ರದವರೆಲ್ಲ ಮೊದಲು ಬಾವಿಕಟ್ಟೆಗೆ ಹೋಗಿ ಮಿಂದು ಬನ್ನಿ."

ಅಪ್ಪ ಎದ್ದರು. ನಾನೂ ಎದ್ದೆ. ತಿರುಗಿ ನೋಡಿದರೆ ಇನ್ಸ್‌ಪೆಕ್ಟರು ಕೋಟು ಬಿಚ್ಚುತ್ತಿದ್ದರು. ಅವರದ್ದೂ ಕಾಶ್ಯಪವಂತೆ.